ಮೇಜು ಕುಟ್ಟಿಸಿದ ಉತ್ತರ

ಸಂಸತ್ತಿನಲ್ಲಿ ಗೃಹ ಸಚಿವರು ಉತ್ತರ ಕೊಟ್ಟರೆ ಸದಸ್ಯರು ಮೇಜು ಕುಟ್ಟುತ್ತಿದ್ದರು. ವಿದೇಶಾಂಗ ಸಚಿವ ಗುರುಪಾದಪ್ಪನವರ ಉದ್ದುದ್ದ ಉತ್ತರಗಳಿಗೆ ಆಕಳಿಸುತ್ತಿದ್ದರು. ಗುರುಪಾದಪ್ಪನವರ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಒಂದು ದಿನ ತಮ್ಮ ಆಪ್ತ ಸಹಾಯಕನ ಮೇಲೆ ಹರಿಹಾಯ್ದರು. "ನಾಳೆ ಆ ಗೃಹ ಸಚಿವನಿಗೆ ಕುಟ್ಟೋದಕ್ಕಿಂತ ಜೋರಾಗಿ ಸದಸ್ಯರು ನನಗೆ ಮೇಜು ಕುಟ್ಟಬೇಕು. ಇಲ್ಲದಿದ್ರೆ ನಿನ್ನನ್ನ ಅಂಡಮಾನಿಗೆ ಎತ್ತಂಗಡಿ ಮಾಡಿಸ್ತೀನಿ!"

"ಆಗಲಿ ಸಾರ್. ನಾಳೆ ಊಟದ ಬಿಡುವಿಗೆ ಮುಂಚಿನ ಕೊನೇ ಪ್ರಶ್ನೆ ತಮ್ಮದೇ. 'ಸರ್ಕಾರ ಎಲ್ಲವನ್ನೂ ಗಮನಿಸುತ್ತಿದೆ' ಅಂತ ಹೇಳಿ ಕೂತುಬಿಡಿ. ಇನ್ನೊಂದು ಮಾತೂ ಬೇಡ."

ಮರುದಿನ ಅವರು ಹಾಗೇ ಮಾಡಿದರು. ಸಭೆಗೆ ಸಭೆಯೇ ಮೇಜು ಕುಟ್ಟಿತು, ವಿರೋಧ ಪಕ್ಷದವರೂ ಸೇರಿ. ಗೃಹ ಸಚಿವರ ಮುಖ ಹುಳ್ಳಗಾಯಿತು.

ಗುರುಪಾದಪ್ಪನವರು ಉಬ್ಬಿಹೋದರು. "ನನ್ನ ಉತ್ತರದಲ್ಲಿ ಅವರಿಗೆ ಅಷ್ಟೊಂದು ಹಿಡಿಸಿದ್ದು ಯಾವುದಯ್ಯಾ?"

"ತಾವು ಕೂತದ್ದು, ಸಾರ್."