ರತ್ನಾಂಬೆಯ ಎದೆನೋವು

“ಕೇಳಿರಿ! ಅರಸನ ಮಗಳು ರತ್ನಾಂಬೆ ಎದೆನೋವಿನಿಂದ ಹಾಸಿಗೆ ಹಿಡಿದಿದ್ದಾಳೆ. ತನ್ನ ಮೂರು ಒಗಟು ಬಿಡಿಸಿದವನ ಕೈಯಿಂದಲೇ ಮದ್ದು ತಗೊಳ್ಳುತ್ತಾಳಂತೆ. ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯ ಕೈ. ತಪ್ಪಿದವನಿಗೆ ಶೂಲ!”

ಹೀಗೆ ಡಂಗುರ ಸಾರಿಸಿದವನು ಅರಸ ವೀರಮಾರ್ತಾಂಡ. ರತ್ನಾಂಬೆಗೆ ನಿಶ್ಚಯವಾಗಿದ್ದ ವರ ದಳವಾಯಿ ಬಾಚರಸನನ್ನು ಬರೀ ಅನುಮಾನಕ್ಕೆ ಕೊಲ್ಲಿಸಿದವನೂ ಅವನೇ. ಮಗಳು ಊಟಕ್ಕೆ ಕೂತಾಗ ಆ ಸುದ್ದಿ ಹೇಳಿದ್ದ. ಅವಳು ಎದೆ ಹಿಡಿದುಕೊಂಡು ಕುಸಿದಿದ್ದಳು.

ಮೊದಲು ಬಂದ ರಾಜಕುಮಾರನನ್ನು ಅವಳು ಕೇಳಿದಳು: “ಕಾಲುವೆಯಲ್ಲಿ ಹೂಳಿಲ್ಲ. ಆದರೂ ನೀರೆತ್ತುವವನು ಕೈಸೋತು ಕೂತಿದ್ದಾನೆ. ಯಾರವನು?”

“ಹೂಳಿದೆ. ರಕ್ತದ ದಾರಿ ಕಟ್ಟಿದೆ” ಎಂದ. ಶೂಲಕ್ಕೇರಿದ.

ಎರಡನೆಯವನು “ಹೃದಯ” ಎಂದ. ಸರಿ.

“ಅವನನ್ನು ಕೆಡವಿದ ಆಯುಧ ಯಾವುದು? ಅಲಗಿಲ್ಲ. ಹೊಡೆದವನಿಗೆ ರಕ್ತ ಅಂಟಿಲ್ಲ.”

ಅವನು ಅರಸನ ಮುಖ ನೋಡಿದ. ಉತ್ತರ ಗೊತ್ತಿತ್ತು. ಹೆದರಿ “ವಿಷ” ಎಂದ. ಅವನೂ ಸತ್ತ.

ಆಮೇಲೆ ಬುಟ್ಟಿ ಹೆಣೆಯುವ ಮೇದರ ದುರುಗ ಬಂದ. ಅವನಿಗೂ ಅವೇ ಎರಡು ಒಗಟು ಹಾಕಿದಳು.

“ಸೋತಿರೋದು ಹೃದಯ, ತಾಯಿ. ದಾರಿಗಳೆಲ್ಲ ತೆರೆದೇ ಇವೆ” ಎಂದ. “ಕೆಡವಿದ್ದು ಮಾತು. ಅರಸರ ಬಾಯಿಂದ ಬಂದ ಮಾತು.”

ಅರಸನ ಕೈ ಕತ್ತಿಗೆ ಹೋಯಿತು.

“ಉತ್ತರ ಸರಿಯಾಗಿದೆ” ಎಂದಳು ರತ್ನಾಂಬೆ. ತನ್ನದೇ ಡಂಗುರಕ್ಕೆ ಕಟ್ಟುಬಿದ್ದು ಅರಸ ಕೈ ಇಳಿಸಿದ. “ಸೋತವನನ್ನು ಎಬ್ಬಿಸುವುದು ಹೇಗೆ?”

“ಚಾಟಿಯಿಂದಲ್ಲ. ಅಣ್ಣ ಈ ಅರಸರ ದಂಡಿನಲ್ಲಿ ಸತ್ತ ಅಂತ ಕೇಳಿ ನಮ್ಮವ್ವನೂ ಹಿಂಗೇ ಬಿದ್ದಳು. ಎದೆಗೆ ಬಲ ಬರಲಿ ಅಂತ ಉಗ್ರ ಕಷಾಯ ಕುಡಿಸಿದರು. ಸೋತ ಎದೆ ಇನ್ನೂ ಜೋರಾಗಿ ಓಡಿ ನಿಂತೇಹೋಯಿತು.” ದುರುಗ ತಾನು ತಂದ ಮದ್ದಿನ ಕುಡಿಕೆ ಮುಂದಿಟ್ಟ. “ನಿಮಗೆ ಅದು ಬೇಡ. ನೋವು ತಗ್ಗಲು ಮದ್ದು, ಪೂರಾ ವಿಶ್ರಾಂತಿ, ನಾಡಿ ನೋಡುತ್ತಾ ಪಕ್ಕದಲ್ಲಿ ಒಬ್ಬರು ಇರಬೇಕು. ಕೆಲವು ವಾರದಲ್ಲಿ ಸೋತ ಹೃದಯ ತಾನೇ ಏಳುತ್ತೆ. ಹೊಡೆದವರು ಮಾತ್ರ ಈ ಬಾಗಿಲು ದಾಟಬಾರದು.”

ರತ್ನಾಂಬೆ ಅವನ ಕೈಯಿಂದ ಮದ್ದು ಕುಡಿದಳು. ವೀರಮಾರ್ತಾಂಡ ಹೊರಗೆ ಹೋದ.

ವಾರಗಳು ಕಳೆದವು. ಅವಳು ಎದ್ದು ಓಡಾಡಿದಳು. ದುರುಗನಿಗೆ ಅರ್ಧ ರಾಜ್ಯ ಸಿಕ್ಕಿತು. ಅರಸ ಮಗಳ ಕೈ ಕೊಡಲು ಬಂದಾಗ, “ಅದು ನೀವು ಕೊಡೋ ವಸ್ತುವಲ್ಲ” ಎಂದು ದುರುಗ ಕೈಮುಗಿದು ನಡೆದ.

ಅರಸ ಕೊನೆಗೂ ಮಗಳ ಕೋಣೆಗೆ ಬಂದ. “ವಾಸಿಯಾಯಿತೇ, ಮಗಳೇ?”

“ಎದೆ ವಾಸಿಯಾಗಿದೆ, ಪ್ರಭು” ಎಂದಳು ರತ್ನಾಂಬೆ. ಅವನು ಸಾಯುವವರೆಗೂ ಅವಳ ಬಾಯಲ್ಲಿ ಅಪ್ಪ ಎಂಬ ಮಾತು ಬರಲಿಲ್ಲ.