ಬೂದಿ ಬಣ್ಣದ ಪಿರಾನ್ಹಾ

ತುಂಗಭದ್ರೆಯ ದಂಡೆಯಲ್ಲಿ ಅಡವಯ್ಯನವರ ಆಶ್ರಮ. ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಕರೆಯುವುದು ಅಜ್ಜಾರು ಎಂದೇ. ಧ್ಯಾನಕ್ಕೆ ಹೋದವರಿಗೆ ಅಲ್ಲಿ ಮೊದಲು ಕಾಣುತ್ತಿದ್ದದ್ದು ಅಕ್ವೇರಿಯಂ, ಅದರೊಳಗೆ ಕೆಂಪು ಹೊಟ್ಟೆಯ, ಮಾಂಸ ಹರಿದು ತಿನ್ನುವ ಪಿರಾನ್ಹಾ ಮೀನುಗಳ ಹಿಂಡು.

ಜನರಿಗೇನು, ಮರಿ ಚಂದ ಕಂಡಿತೆಂದು ಮನೆಗೆ ತರುತ್ತಾರೆ. ಬೆಳೆದು ಹಲ್ಲು ತೋರಿಸಿದ ಮೇಲೆ ಹೊಳೆಗೆ ಸುರಿಯಲು ಹೊರಡುತ್ತಾರೆ. "ಹೊಳಿಗೆ ಬ್ಯಾಡ, ನಮಗ ಕೊಡ್ರಿ" ಎಂದು ಅಜ್ಜನವರೇ ಇಸಿದುಕೊಳ್ಳುತ್ತಿದ್ದರು. ಅವನ್ನು ಸಾಕುವ ಕೆಲಸ ಶಿಷ್ಯೆ ನೀಲಗಂಗಾಳದು.

ಒಂದು ದಿನ ಯಾರೋ ಬಕೆಟ್ಟಿನಲ್ಲಿ ಒಂಟಿ ಪಿರಾನ್ಹಾ ತಂದುಕೊಟ್ಟು ಹೋದರು. ನೀಲಗಂಗಾ ಬಗ್ಗಿ ನೋಡಿದಳು.

"ಇದು ನಮ್ಮ ಜಾತಿದಲ್ರಿ ಅಜ್ಜಾರ. ಕರಿ ಪಿರಾನ್ಹಾ ಇರಬೇಕು."

"ಹ್ಯಾಂಗ ಹೇಳ್ತಿ?"

"ಬಣ್ಣ ನೋಡ್ರಲ್ಲ! ನಮ್ಮವಕ್ಕ ಹೊಟ್ಟಿ ಕೆಂಪು, ಮೈತುಂಬ ಮಿಂಚು. ಇದು ಬೂದಿ ಬಡಕೊಂಡಂಗ ಐತಿ. ಇದನ್ನ ನಮ್ಮವುಗಳ ಜೋಡಿ ಬಿಟ್ರ ಹರದು ತಿಂತಾವ."

ಅಜ್ಜನವರು ಬಕೆಟ್ಟನ್ನು ಅವಳ ಕಡೆಗೇ ಸರಿಸಿದರು.

ಅವಳು ಅದನ್ನು ಬೇರೆ ತೊಟ್ಟಿಯಲ್ಲಿಟ್ಟಳು. ಚೆನ್ನಾಗಿ ಕಾಣಲೆಂದು ಮೇಲೊಂದು ದೀಪ ಹಚ್ಚಿದಳು.

ಮೀನು ಮೂಲೆ ಹಿಡಿಯಿತು. ಹಾಕಿದ ಸೀಗಡಿ ಹಾಕಿದಲ್ಲೇ ಕೊಳೆಯಿತು. ಮೈ ಇನ್ನೂ ಬಿಳಿಚಿತು.

"ನೋಡಿದ್ರ? ದಿನಾ ಬ್ಯಾರೇನ ಆಗಾಕತ್ತೈತಿ" ಎಂದಳು. ದನಿಯಲ್ಲಿ ಗೆಲುವಿರಲಿಲ್ಲ. ಹೀಗೇ ಆದರೆ ಮೀನು ಸಾಯುತ್ತದೆಂದು ಅವಳಿಗೆ ಚಿಂತೆ.

ಅಂದು ಮಧ್ಯಾಹ್ನ ಅವಳು ಊಟಕ್ಕೆ ಕುಳಿತಿದ್ದಳು. ಅಜ್ಜನವರು ಅವಳ ತಾಟನ್ನು ಎತ್ತಿಕೊಂಡು ಹೋಗಿ ಅಂಗಳದ ನಡುವೆ ಇಟ್ಟರು.

"ಅಲ್ಲಿ ಉಣ್ಣವಾ" ಎಂದರು. ಉಳಿದವರ ಕಡೆ ತಿರುಗಿ, "ನೀವೆಲ್ಲಾ ಆಕೀನ್ನ ನೋಡ್ಕೋತ ಕೂಡ್ರಿ" ಎಂದರು.

ಎಲ್ಲರೂ ನೋಡಿದರು. ಅಯ್ಯೋ, ಅದೇನು ನೋಟ! ರೊಟ್ಟಿ ಮುರಿದಳೇ ಹೊರತು ಬಾಯಿಗೆ ಇಡಲಿಲ್ಲ.

"ಯಾಕವಾ, ಮಾರಿ ಬಿಳಚೈತಲ್ಲ?" ಎಂದರು ಅಜ್ಜನವರು.

"ಹಿಂಗ ಒಬ್ಬಾಕೀನ್ನ ಕುಂದರ್ಸಿ ನೋಡಿದ್ರ ಹ್ಯಾಂಗ್ರಿ ಉಣ್ಣೂದು!"

"ನಮಗೇನ ಗೊತ್ತು? ಬ್ಯಾರೆ ಜಾತಿ ಇರಬೇಕು ಅಂತ ಮಾಡಿದ್ವಿ."

ನೀಲಗಂಗಾ ತಾಟು ಬಿಟ್ಟು ಎದ್ದಳು. ಓಡಿಹೋಗಿ ತೊಟ್ಟಿಯ ದೀಪ ಆರಿಸಿದಳು. ಬಣ್ಣವನ್ನು ಬಿಟ್ಟು ಮೀನನ್ನು ನೋಡಿದಳು. ಕರಿ ಪಿರಾನ್ಹಾಕ್ಕೆ ಮೂತಿ ಚೂಪು, ನೆತ್ತಿ ತಗ್ಗು. ಇದರದ್ದು ಮೊಂಡು ಮೂತಿ, ಉಬ್ಬಿದ ಹಣೆ. ಹಿಂಡಿನಲ್ಲಿ ದಿನಾ ನೋಡುವ ಮುಖವೇ.

"ನಮ್ಮದ ಐತ್ರಿ ಅಜ್ಜಾರ!"

"ತಪ್ಪಾದ್ರ ಅದರ ಜೀವ ಹೋಕ್ಕೈತಿ."

"ತಪ್ಪಿಲ್ರಿ. ನಾನ ಬಿಡ್ತೀನಿ."

"ಹಂಗಾರ ಮೊದಲ ಹಿಂಡಿಗೆ ಹೊಟ್ಟಿ ತುಂಬ ಹಾಕು. ಆಮ್ಯಾಲೆ ಒಳಗಿನ ಕಲ್ಲು ಎಲ್ಲಾ ಅದಲು ಬದಲು ಮಾಡು. ಇದು ನನ್ನ ಜಾಗಾ ಅಂತ ಯಾವುದಕ್ಕೂ ಅನಸಬಾರದು."

ಹಾಗೇ ಮಾಡಿ ಹೊಸ ಮೀನನ್ನು ಬಿಟ್ಟಳು. ದೊಡ್ಡದೊಂದು ನೇರ ನುಗ್ಗಿ ಬಂತು. ಅದು ಒಂದು ಸುತ್ತು ಹಾಕಿ, ಮೂಸಿದ ಹಾಗೆ ಮಾಡಿ, ತಿರುಗಿ ಹೋಯಿತು. ಹೊಸದು ಅದರ ಹಿಂದೆಯೇ ಹೋಗಿ ಹಿಂಡು ಸೇರಿತು. ಸಂಜೆಗೆ ಸೀಗಡಿಗೂ ಬಾಯಿ ಹಾಕಿತು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಅವಳು ಕೂಗುತ್ತ ಬಂದಳು. ಖುಷಿಗೆ ಕಣ್ಣಲ್ಲಿ ನೀರು ತುಂಬಿತ್ತು.

"ಅಜ್ಜಾರ, ಬರ್ರಿ, ನೋಡ್ರಿ! ಹೊಟ್ಟಿ ಕೆಂಪಗಾಗೈತಿ! ಈಗ ಖರೇನ ನಮ್ಮದಾತು!"

ಅಜ್ಜನವರು ಬಂದರು. ಮೀನನ್ನು ನೋಡಲಿಲ್ಲ, ಅವಳನ್ನು ನೋಡಿದರು.

"ಕೆಂಪಗ ಆಗದ ಇದ್ದಿದ್ರ ಯಾರದಾಗತಿತ್ತವಾ?"