ದರ್ಜಿ ಮುಚ್ಚಿದ ತೂತು

"ಗುರುಗಳೇ, ಒಳ್ಳೆಯದಾಗಲಿ ಎಂದೇ ಮಾಡಿದ ಕೆಲಸ ಕೆಡುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಪ್ರಶ್ನೆಗೆ ಕಾರಣವಿತ್ತು. ಆ ದಿನ ಬೆಳಿಗ್ಗೆ ಏಳೂವರೆಗೆ ಮಠದಲ್ಲಿ ಗಂಭೀರ ಘಟನೆಯೊಂದು ನಡೆದಿತ್ತು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಮೊದಲ ಸಲ ಅಡುಗೆಯವರು ಹಾಕಿದ್ದರು. ಅವರು ಮರೆತಿರಬಹುದು ಎಂದು ಎರಡನೆಯ ಸಲ ಈ ಶಿಷ್ಯ ಹಾಕಿದ್ದ. ಹನ್ನೊಂದು ಮಂದಿ ಬಾಧಿತರಾದರು. ಪ್ರಾಣಹಾನಿಯ ವರದಿಯಾಗಲಿಲ್ಲ. ಮೊಸರು ತರಿಸಿದ ಮೇಲೆ, ಎಂಟು ಗಂಟೆಯ ಹೊತ್ತಿಗೆ, ಪರಿಸ್ಥಿತಿ ಹತೋಟಿಗೆ ಬಂತು.

ಗುರುಗಳು ಒಂದು ಲೋಟ ನೀರು ಕುಡಿದು ಕತೆ ಶುರುಮಾಡಿದರು. ಅವರ ಕತೆಗಳಲ್ಲಿ ಸಾಮಾನ್ಯವಾಗಿ ಹಸುವೋ ಬಾವಿಯೋ ಇರುತ್ತಿತ್ತು. ಅಂದು ರಾಕೆಟ್ಟು ಇತ್ತು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದ. ಅವನು ಹೊಲಿದ ಬಟ್ಟೆ ತೊಟ್ಟು ಜನ ಮದುವೆಗೆ ಹೋದರು, ಸಂದರ್ಶನಕ್ಕೆ ಹೋದರು, ಕೆಲವರು ಸಮುದ್ರ ದಾಟಿ ಹೋದರು. ಅಂಗಡಿಯ ಮೆಟ್ಟಿಲಿಳಿದ ಮೇಲೆ ತನ್ನ ಕೈಕೆಲಸ ಏನಾಯಿತು ಎಂಬುದನ್ನು ದರ್ಜಿ ಮಾತ್ರ ನೋಡಲಿಲ್ಲ. ವಾಪಸು ಬಂದ ಬಟ್ಟೆಗಳೂ ಇದ್ದವು. ಅವೆಲ್ಲ ಬಿಗಿಯಾಯಿತು, ಸಡಿಲವಾಯಿತು ಎಂದೇ ಬಂದಿದ್ದವು. ತಾನು ಮಾಡಿದ ವಸ್ತು ಒಂದಾದರೂ ಚೆನ್ನಾಗಿ ಹೋಗಿ ಚೆನ್ನಾಗಿ ವಾಪಸು ಬರುವುದನ್ನು ಕಣ್ಣಾರೆ ನೋಡಬೇಕು ಎಂಬುದು ಅವನ ಆಸೆಯಾಗಿತ್ತು.

ಆ ಊರಿನಲ್ಲಿ ಒಂದು ರಾಕೆಟ್ ಸಂಘವಿತ್ತು. ಅದರ ಸದಸ್ಯರು ಪೆಟ್ಟಿಗೆಯಲ್ಲಿ ಬಿಡಿ ಭಾಗಗಳಾಗಿ ಬರುವ ಮಾದರಿ ರಾಕೆಟ್ಟುಗಳನ್ನು ಜೋಡಿಸಿ, ಒಣಗಿದ ಕೆರೆಯ ಅಂಗಳದಲ್ಲಿ, ತಕ್ಕ ಪರವಾನಗಿ ಪಡೆದು ಹಾರಿಸುತ್ತಿದ್ದರು. ನಿವೃತ್ತ ಡ್ರಿಲ್ ಮೇಷ್ಟ್ರು ಒಬ್ಬರು ಸಂಘದ ಪರೀಕ್ಷಕರು. ಸಂಘಕ್ಕೆ ಸೇರಬೇಕಾದರೆ ರಾಕೆಟ್ಟು ಹಾರಿಸಿದರೆ ಸಾಲದು. ಹಾರಿದ್ದು ಅದೇ ದಿನ ಸಂಜೆ ನಾಲ್ಕರೊಳಗೆ, ಇಡಿಯಾಗಿ, ಮೇಷ್ಟ್ರ ಮೇಜಿಗೆ ಬಂದು ಸೇರಬೇಕು. ಬಂದರೆ ಪುಸ್ತಕದಲ್ಲಿ ಹೆಸರು. ಬರದಿದ್ದರೆ, ಆತ ಪಟಾಕಿ ಹೊಡೆದ ಎಂದು ಸಂಘ ಭಾವಿಸುತ್ತಿತ್ತು.

ಹೋಗುವುದು, ವಾಪಸು ಬರುವುದು. ಇದು ತನಗಾಗಿಯೇ ಮಾಡಿದ ನಿಯಮ ಎಂದು ದರ್ಜಿಗೆ ಅನ್ನಿಸಿತು. ಅವನು ಸಂಘದಲ್ಲಿ ವಿಚಾರಿಸಿ, ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ತರಿಸಿಕೊಂಡ.

ಪೆಟ್ಟಿಗೆಯಲ್ಲಿ ದಪ್ಪ ಕಾಗದದ ಕೊಳವೆ ಇತ್ತು. ಮೂರು ಮರದ ರೆಕ್ಕೆ, ಒಂದು ಚೂಪು ಮೂತಿ, ಎರಡು ಮದ್ದಿನ ಕೊಳವೆ ಇದ್ದವು. ನೈಲಾನ್ ಬಟ್ಟೆಯ ಪ್ಯಾರಾಚೂಟ್ ಇತ್ತು. ಅದನ್ನು ಸಂಘದವರು ಕೊಡೆ ಎನ್ನುತ್ತಿದ್ದರು. ಸೂಚನೆಯ ಹಾಳೆಯೂ ಇತ್ತು. ದರ್ಜಿ ಹಾಳೆಯನ್ನು ಹೆಂಡತಿಗೆ ಕೊಟ್ಟು, ಕುತ್ತಿಗೆಯಲ್ಲಿದ್ದ ಟೇಪು ತೆಗೆದು ರಾಕೆಟ್ಟಿನ ಅಳತೆ ತೆಗೆದುಕೊಂಡ. ಎತ್ತರ ಆರಡಿ. ಎದೆ ಹದಿಮೂರು ಇಂಚು. ಸೊಂಟವೂ ಹದಿಮೂರು ಇಂಚು. ಇಂಥ ಗಿರಾಕಿ ಅವನಿಗೆ ಇದೇ ಮೊದಲು.

ಮೂರು ತಿಂಗಳು ಕೆಲಸ ನಡೆಯಿತು. ಹೆಂಡತಿ ಒಂದೊಂದೇ ಸೂಚನೆ ಓದಿದಳು, ಗಂಡ ಮಾಡಿದ. ರೆಕ್ಕೆ ಕೂರುವ ಜಾಗಕ್ಕೆ ಬಟ್ಟೆಯ ಸೀಮೆಸುಣ್ಣದಲ್ಲಿ ಗೀಟು ಎಳೆದ. ಅಂಟು ಒಣಗುವವರೆಗೆ ಮೂರೂ ರೆಕ್ಕೆಗಳನ್ನು ಇಸ್ತ್ರಿಪೆಟ್ಟಿಗೆಗಳ ನಡುವೆ ನೆಟ್ಟಗೆ ನಿಲ್ಲಿಸಿದ. ಕೊಳವೆಯನ್ನು ಉಪ್ಪುಕಾಗದದಿಂದ ಎಷ್ಟು ತಿಕ್ಕಿದನೆಂದರೆ, ಹೆಂಡತಿ ಒಂದು ದಿನ ಅದರಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಂಡಳು. ಆ ಮೂರು ತಿಂಗಳು ಊರಿನ ನಾಲ್ವರು ಮದುಮಗಂದಿರು ಹಳೆಯ ಸೂಟಿನಲ್ಲೇ ಮದುವೆಯಾದರು.

ಹದಿನೇಳನೆಯ ಸೂಚನೆಯ ಹೊತ್ತಿಗೆ ತೊಂದರೆ ಬಂತು. ಕೊಡೆಯನ್ನು ಬಿಡಿಸಿ ನೋಡಿದರೆ ನಟ್ಟನಡುವೆ ಅಂಗೈ ಅಗಲದ ತೂತು. ತೂತಿಗೆ ಅಂಚು ಹೊಲಿದಿರಲಿಲ್ಲ.

"ನೋಡೇ, ಹರಿದ ಮಾಲು ಕಳಿಸಿದ್ದಾರೆ" ಎಂದ ದರ್ಜಿ.

ಹೆಂಡತಿ ಹಾಳೆ ನೋಡಿದಳು. "ಇಲ್ಲ ಕಣ್ರೀ. ನಡುವಿನ ತೂತನ್ನು ಹಾಗೇ ಬಿಡಿ ಅಂತ ಬರೆದಿದೆ."

"ಬರೀದೆ ಇನ್ನೇನು ಮಾಡ್ತಾರೆ? ಗಿರಾಕಿ ಬೈತಾನೆ ಅಂತ ಮೊದಲೇ ಬರೆದಿಟ್ಟಿದ್ದಾರೆ. ನಾನೂ ಪ್ಯಾಂಟಿಗೆ ಒಂದು ಚೀಟಿ ಅಂಟಿಸಬಹುದಿತ್ತು, ಜೇಬಿನ ತೂತನ್ನು ಹಾಗೇ ಬಿಡಿ ಅಂತ. ನಲವತ್ತು ವರ್ಷ ಸುಮ್ಮನೆ ಕಷ್ಟಪಟ್ಟೆ."

"ಅಲ್ಲ, ಮಾಡಿದವರಿಗೆ ಗೊತ್ತಿರಲ್ವೇನ್ರೀ?"

"ಗೊತ್ತಿದ್ದವನು ಅಂಚು ಕಟ್ತಿದ್ದ."

ಅವನು ಅದೇ ಬಣ್ಣದ ಬಟ್ಟೆ ಹುಡುಕಿ, ನೂಲಿಗೆ ನೂಲು ಕೂಡಿಸಿ, ತೂತನ್ನು ಮುಚ್ಚಿದ. ಎರಡು ದಿನ ಹಿಡಿಯಿತು. ಮುಗಿದ ಮೇಲೆ ತೇಪೆ ಎಲ್ಲಿದೆ ಎಂದು ಅವನೇ ಹುಡುಕಬೇಕಾಯಿತು. ಅದು ಅವನ ಜೀವಮಾನದ ಅತ್ಯುತ್ತಮ ಹೊಲಿಗೆ ಎಂಬುದರಲ್ಲಿ ಸಂಶಯವಿಲ್ಲ.

ಹಾರಿಸುವ ಭಾನುವಾರ ಬಂತು. ಕೊಡೆ ಮಡಿಕೆಯಲ್ಲಿ ಅಂಟಿಕೊಳ್ಳದಿರಲಿ ಎಂದು ಮುಖಕ್ಕೆ ಹಚ್ಚುವ ಪೌಡರ್ ಸುರಿಯಬೇಕೆಂದು ಹಾಳೆಯಲ್ಲಿತ್ತು. ಹೆಂಡತಿ ಧಾರಾಳವಾಗಿ ಸುರಿದಳು. ರಾಕೆಟ್ಟಿನಿಂದ ಮದುವೆ ಮನೆಯ ವಾಸನೆ ಬರುತ್ತಿತ್ತು.

"ಎಲ್ಲಾ ಹಾಳೆ ಪ್ರಕಾರ ತಾನೇ, ಟೈಲರೇ?" ಎಂದು ಮೇಷ್ಟ್ರು ಕೇಳಿದರು.

"ಹಾಳೆಗಿಂತ ಒಂದು ಕೈ ಮೇಲೇ ಇದೆ, ಮೇಷ್ಟ್ರೇ."

ಎಣಿಕೆ ಐದರಿಂದ ಶುರುವಾಗಿ ಸೊನ್ನೆಗೆ ಬಂತು. ದರ್ಜಿ ಗುಂಡಿ ಒತ್ತಿದ. ಆರಡಿಯ ರಾಕೆಟ್ಟು ಒಂದು ಸಲ ಬುಸುಗುಟ್ಟಿ ನೆಲ ಬಿಟ್ಟಿತು. ಆಮೇಲೆ ಅದು ಆರಡಿ ಇರಲಿಲ್ಲ, ಸೂಜಿಯಷ್ಟಾಯಿತು. ಅದರ ಹಿಂದೆ ಬಿಳಿಯ ದಾರ ಬಿಟ್ಟ ಹಾಗೆ ಹೊಗೆ ನಿಂತಿತು. ದರ್ಜಿ ಬಾಯಿ ತೆರೆದು ನೋಡಿದ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ಕೆಳಗೆ ಬಿತ್ತು. ಅದು ಅಲ್ಲಿ ಏಕಿತ್ತು ಎಂದರೆ, ಅವನ ಬಾಯಲ್ಲಿ ಯಾವಾಗಲೂ ಒಂದು ಇರುತ್ತಿತ್ತು.

ಮೇಲೆ ಮೂತಿ ಕಳಚಿತು, ಕೊಡೆ ಬಿಚ್ಚಿಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದರೂ ಕೊಡೆ ಇಳಿಯಲಿಲ್ಲ. ಅದು ತೊಟ್ಟಿಲಿನ ಹಾಗೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತೂಗಿತು. ಪ್ರತಿ ತೂಗಾಟಕ್ಕೂ ಒಂದಿಷ್ಟು ದೂರ ಸರಿಯಿತು. ಕೆರೆಯ ಏರಿ ದಾಟಿತು. ಇಟ್ಟಿಗೆ ಗೂಡು ದಾಟಿತು. ಪಕ್ಕದ ಊರಿನ ಮೇಲೆ ಹೋಗಿ, ಅಲ್ಲಿ ಏನು ವಿಶೇಷ ಎಂದು ನೋಡುವಂತೆ ಸ್ವಲ್ಪ ಹೊತ್ತು ನಿಂತಿತು.

ದರ್ಜಿ ಸೈಕಲ್ ಹತ್ತಿದ. ಹೆಂಡತಿ ಹಿಂದೆ ಕುಳಿತು, ಆಕಾಶ ನೋಡುತ್ತಾ ದಾರಿ ಹೇಳಿದಳು. ಅವಳು ಹೇಳಿದ ದಾರಿಯಲ್ಲಿ ಎರಡು ಮುಳ್ಳುಬೇಲಿ, ಒಂದು ಹೊಂಡ ಇದ್ದವು. ಆಕಾಶದಲ್ಲಿ ಅವು ಕಾಣುವುದಿಲ್ಲ.

ಪಕ್ಕದ ಊರಿನ ಒಂದು ಮಾಳಿಗೆಯ ಮೇಲೆ ಕೌದಿ ಹೊಲಿಯುವ ಅಜ್ಜಿಯೊಬ್ಬಳು ಸಂಡಿಗೆ ಒಣಹಾಕಿ ಕಾಯುತ್ತಿದ್ದಳು. ರಾಕೆಟ್ಟು ಅವಳ ಸಂಡಿಗೆಯ ಪಕ್ಕದಲ್ಲಿ ಮೆಲ್ಲಗೆ ಮಲಗಿತ್ತು. ಕೊಡೆಯನ್ನು ಅವಳು ಆಗಲೇ ಕಾಗೆಗೆ ಅಡ್ಡವಾಗಿ ಕಟ್ಟಿದ್ದಳು.

"ಅಜ್ಜೀ, ಅದು ನಮ್ಮದು" ಎಂದ ದರ್ಜಿ, ಏದುಸಿರು ಬಿಡುತ್ತಾ.

"ಇದು ಮೇಲಿಂದ ಬಂತು. ನೀನು ಕೆಳಗಿಂದ ಬರ್ತಿದೀಯ. ನಿಮ್ಮದು ಹೇಗಾಗುತ್ತೆ?"

ನ್ಯಾಯ ತೀರ್ಮಾನವಾಗುವ ಮೊದಲು ಇಬ್ಬರೂ ಕೈಕಾಲು ತೊಳೆದು ಊಟ ಮಾಡಬೇಕಾಯಿತು. ಅಜ್ಜಿ ಕೊಡೆಯನ್ನು ಬಿಚ್ಚಿ, ಮಡಿಸುತ್ತಾ, ನಡುವೆ ಬೆರಳಾಡಿಸಿ ನಿಂತಳು. "ಇಲ್ಲಿ ತೇಪೆ ಹಾಕಿದ್ದು ಯಾರಪ್ಪಾ? ಎಂಥ ಕೈ!" ಎಂದಳು. ದರ್ಜಿ ಆ ದಿನ ತಿಂದದ್ದರಲ್ಲಿ ಅದೇ ಹೆಚ್ಚು ರುಚಿಯಾಗಿತ್ತು.

ಅವರು ಕೆರೆಯ ಅಂಗಳಕ್ಕೆ ವಾಪಸಾದಾಗ ಗಂಟೆ ಐದೂ ಹತ್ತು. ಮೇಷ್ಟ್ರು ನಾಲ್ಕಕ್ಕೆ ಪುಸ್ತಕ ಮುಚ್ಚಿದ್ದರು. "ಹಾರಿತು. ಬರಲಿಲ್ಲ" ಎಂದು ಅದರಲ್ಲಿ ಬರೆದಿತ್ತು.

"ಹೋಗಲಿ ಬಿಡಿ, ಮೇಷ್ಟ್ರೇ" ಎಂದ ದರ್ಜಿ. ಮುಖ ಸಣ್ಣದಾಗಿತ್ತು. "ಆದರೆ ಒಂದು ಮಾತು. ತೇಪೆ ಕಂಡುಹಿಡಿದಿದ್ದು ಆ ಅಜ್ಜಿ ಒಬ್ಬಳೇ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ಯಾವ ತೇಪೆ?"

ದರ್ಜಿ ಹೆಮ್ಮೆಯಿಂದ ತೋರಿಸಿದ. ಮೇಷ್ಟ್ರು ಬಹಳ ಹೊತ್ತು ಅದನ್ನೇ ನೋಡಿದರು. ಡ್ರಿಲ್ ಮೇಷ್ಟ್ರಾಗಿದ್ದ ಮೂವತ್ತು ವರ್ಷದಲ್ಲಿ ಅವರು ಇಷ್ಟು ಮೃದುವಾಗಿ ಯಾರೊಂದಿಗೂ ಮಾತಾಡಿರಲಿಲ್ಲ.

"ಟೈಲರೇ, ಅದು ಗಾಳಿ ಹೊರಗೆ ಹೋಗೋ ದಾರಿ. ದಾರಿ ಇದ್ದರೆ ಗಾಳಿ ಮೇಲಿಂದ ಹೋಗುತ್ತೆ, ಕೊಡೆ ನೆಟ್ಟಗೆ ಇಳಿಯುತ್ತೆ. ಇಲ್ಲದಿದ್ದರೆ ಪಕ್ಕದಿಂದ ನುಗ್ಗುತ್ತೆ, ಕೊಡೆ ತೂಗಾಡಿ ಊರು ಬಿಡುತ್ತೆ. ನೀವು ಬಾಗಿಲಿಗೆ ಗೋಡೆ ಕಟ್ಟಿದ್ದೀರಿ. ಗೋಡೆ ಚೆನ್ನಾಗಿದೆ."

ಇನ್ನೊಂದು ಮದ್ದಿನ ಕೊಳವೆ ಉಳಿದಿತ್ತು. ಮುಂದಿನ ಭಾನುವಾರ ಇನ್ನೊಂದು ಅವಕಾಶ. ಅದೂ ತಪ್ಪಿದರೆ, ಸಂಘದ ನಿಯಮದ ಪ್ರಕಾರ, ಅವನ ಹೆಸರು ಪುಸ್ತಕಕ್ಕೆ ಎಂದೂ ಇಲ್ಲ.

ದರ್ಜಿ ಕೊಡೆಯನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದ. ಕತ್ತರಿ ಎತ್ತಿದ, ಇಟ್ಟ. ಸೋಮವಾರ ಹಾಗೆ ಹೋಯಿತು. ಮಂಗಳವಾರ ಕತ್ತರಿಗೆ ಸಾಣೆ ಹಿಡಿದ. ತಪ್ಪು ಕತ್ತರಿಯದಲ್ಲ ಎಂದು ಗೊತ್ತಾಯಿತು. ಬುಧವಾರ ಹೆಂಡತಿ ಕಾಫಿ ತಂದಳು.

"ಏನ್ರೀ, ಇನ್ನೂ ಮುಹೂರ್ತ ಬರಲಿಲ್ವಾ?"

"ಸರಿಯಾಗಿರೋ ಬಟ್ಟೆಗೆ ತೂತು ಮಾಡೋಕೆ ಕೈ ಬರ್ತಿಲ್ಲ ಕಣೇ. ಇಷ್ಟು ವರ್ಷದಲ್ಲಿ ಒಂದು ದಿನವೂ ಮಾಡಿಲ್ಲ."

ಹೆಂಡತಿ ಅವನ ಅಂಗಿಯ ಎದೆಗೆ ಬೆರಳು ತೋರಿಸಿದಳು. "ಹಾಗಾದರೆ ಇವೇನು? ಒಂದು ಅಂಗಿಗೆ ಏಳು ಕಾಜಾ ಹಾಕ್ತೀರಿ. ನಲವತ್ತು ವರ್ಷದಿಂದ ಸರಿಯಾಗಿರೋ ಬಟ್ಟೆಗೇ ತೂತು ಮಾಡ್ಕೊಂಡು ಬಂದಿದ್ದೀರಿ."

"ಅದು ತೂತೇನೇ? ಅದು ಗುಂಡಿಗೆ."

"ಇದು ಗಾಳಿಗೆ."

ದರ್ಜಿ ತನ್ನ ಅಂಗಿಯ ಗುಂಡಿಯೊಂದನ್ನು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಕಾಫಿ ಆರಿತು. ಆಮೇಲೆ ಅವನು ನಗಲು ಶುರುಮಾಡಿದ. ಎಷ್ಟು ನಕ್ಕನೆಂದರೆ, ಅಳತೆ ಕೊಡಲು ಬಂದಿದ್ದ ಗಿರಾಕಿಯೊಬ್ಬ ತನ್ನ ಹೊಟ್ಟೆಯನ್ನು ನೋಡಿ ನಗುತ್ತಿದ್ದಾನೆಂದು ಮುನಿಸಿಕೊಂಡು ಹೋದ.

ಅವನು ಮಧ್ಯಾಹ್ನದೊಳಗೆ ಬಟ್ಟೆ ಕತ್ತರಿಸಿದ. ಅಂಗೈ ಅಗಲ, ದುಂಡಗೆ. ಆದರೆ ಹಾಗೇ ಬಿಡಲಿಲ್ಲ. ಸುತ್ತಲೂ, ಕೈಯಲ್ಲಿ, ರೇಷ್ಮೆ ದಾರದಲ್ಲಿ, ಕಾಜಾದ ಹೊಲಿಗೆ ಹಾಕಿದ. ಇನ್ನೂರ ನಲವತ್ತು ಹೊಲಿಗೆ. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಕಾಜಾ ಯಾರೂ ಹಾಕಿರಲಾರರು. ಅದಕ್ಕೆ ತಕ್ಕ ಗುಂಡಿಯೂ ಇರಲಾರದು.

ಭಾನುವಾರ ರಾಕೆಟ್ಟು ಮತ್ತೆ ಹಾರಿತು. ಈ ಸಲ ಜನ ಹೆಚ್ಚಿದ್ದರು. ಪಕ್ಕದ ಊರಿನ ಅಜ್ಜಿ ತನ್ನ ಮಾಳಿಗೆ ಬಿಟ್ಟು ಇಲ್ಲಿಗೇ ಬಂದಿದ್ದಳು. ಮೇಲೆ ಕೊಡೆ ಬಿಚ್ಚಿಕೊಂಡಿತು. ನಡುವಿನ ತೂತಿನಿಂದ ಒಂದು ಚೂರು ಆಕಾಶ ಕಂಡಿತು. ಕೊಡೆ ತೂಗಲಿಲ್ಲ, ಸರಿಯಲಿಲ್ಲ. ಬಾವಿಗೆ ಇಳಿಬಿಟ್ಟ ಬಿಂದಿಗೆಯಂತೆ ನೆಟ್ಟಗೆ ಇಳಿಯಿತು. ಎಲ್ಲರೂ ಓಡಿದರು. ದರ್ಜಿ ಓಡಲಿಲ್ಲ. ನಡೆದುಕೊಂಡು ಹೋದ. ನಡೆದೇ ಹೋಗುವಷ್ಟು ಹತ್ತಿರದಲ್ಲಿ ಅದು ಇಳಿದದ್ದೇ ಅವನಿಗೆ ಸಂತೋಷವಾಗಿತ್ತು. ಮೇಜಿನಿಂದ ಮೂವತ್ತೆಂಟು ಹೆಜ್ಜೆ.

ರಾಕೆಟ್ಟನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿ ತಂದು ಅವನು ಮೇಜಿನ ಮೇಲೆ ಮಲಗಿಸಿದ. ಮೇಷ್ಟ್ರು ರೆಕ್ಕೆ ಅಲುಗಿಸಿ ನೋಡಿದರು. ಕೊಳವೆ ಬಡಿದು ನೋಡಿದರು. ಕೊಡೆಯ ತೂತಿನಲ್ಲಿ ಕೈ ತೂರಿಸಿ ಅಂಚಿನ ಹೊಲಿಗೆ ಮುಟ್ಟಿದರು.

"ಇದು ಹಾಳೆಯಲ್ಲಿ ಇಲ್ವಲ್ಲ, ಟೈಲರೇ."

"ತೂತನ್ನು ಹಾಗೇ ಬಿಡಿ ಅಂತ ಇದೆ, ಮೇಷ್ಟ್ರೇ. ನೂಲು ಬಿಚ್ಚಿಕೊಳ್ಳಲಿ ಅಂತ ಎಲ್ಲೂ ಇಲ್ಲ."

ಮೇಷ್ಟ್ರು ಗಡಿಯಾರ ನೋಡಿ ಪುಸ್ತಕ ತೆರೆದು ಬರೆದರು: ಮೂರೂ ಇಪ್ಪತ್ತು. ಹಾರಿತು. ಬಂತು. ದರ್ಜಿ ಅದನ್ನು ಹೆಂಡತಿಯಿಂದ ಮೂರು ಸಲ ಓದಿಸಿಕೊಂಡ. ಅಲ್ಲಿ ಬಿಗಿಯಾಯಿತು ಎಂದೂ ಇರಲಿಲ್ಲ, ಸಡಿಲವಾಯಿತು ಎಂದೂ ಇರಲಿಲ್ಲ. ಆ ಸಂಜೆ ಸಂಘದ ಒಂಬತ್ತು ಮಂದಿ ಸದಸ್ಯರು ತಮ್ಮ ತಮ್ಮ ಕೊಡೆಗಳಿಗೆ ಅಂಚು ಹಾಕಿಸಲು ಅಂಗಡಿಯ ಮುಂದೆ ಸಾಲಾಗಿ ನಿಂತರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿದ. "ಗುರುಗಳೇ, ದರ್ಜಿಯ ಕೈ ಒಳ್ಳೆಯದು. ಮನಸ್ಸೂ ಒಳ್ಳೆಯದು. ಹಾಗಾದರೆ ಮೊದಲ ಸಲ ಅವನು ಮಾಡಿದ ತಪ್ಪು ಯಾವುದು?"

"ತನಗಿಂತ ಮೊದಲು ಆ ಬಟ್ಟೆಯನ್ನು ಹಿಡಿದಿದ್ದವನು ನಿದ್ದೆಯಲ್ಲಿದ್ದ ಎಂದುಕೊಂಡ" ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಶಿಷ್ಯ ಉಪ್ಪಿನ ಡಬ್ಬಿ ಮುಟ್ಟುವ ಮೊದಲು ಅಡುಗೆಯವರನ್ನು ಕೇಳಿದ.